ಮನೆಯ ಮಾತು: ಹೋದ ವರ್ಷದ ಹೊಸ ಬಂಡಿ

ಈ ತಿಂಗಳು ಒಂದು ಚಿಕ್ಕ ಪದದ ಅರ್ಥವನ್ನು ಕುರಿತು ಬರೆಯೋಣವೆಂದು ಕುಳಿತಿದ್ದೇನೆ. 'ಹೊಸದು' ಎಂಬುದೇ ಆ ಪದ. ಮಕ್ಕಳು ಮೊದಲಾಗಿ ಎಲ್ಲರೂ ಬಲ್ಲ ಈ ಮಾತಿಗೆ ಅರ್ಥ ಹೇಳಲು ನಿವೃತ್ತನಾದ ಮೇಷ್ಟರೊಬ್ಬನು ಬೇಕೆ ಎಂದು ವಾಚಕರು ನಗಬಹುದು. 2025ರ ದೀಪಾವಳಿಯವರೆಗೆ ನಾನೂ ಹಾಗೆಯೇ ಎಣಿಸಿದ್ದೆನು. ಆ ಹಬ್ಬದಲ್ಲಿ ನಡೆದ ಒಂದು ಪ್ರಸಂಗದಿಂದ ಈ ಪದಕ್ಕೆ ದೇಶಕ್ಕೊಂದು ಅರ್ಥವಿರುವುದೆಂದೂ, ಅದನ್ನು ವಿಚಾರಿಸದೆ ಗಂಟು ಬಿಚ್ಚಿದವರು ಒಂದಕ್ಕೆ ಎರಡು ತೆರುವರೆಂದೂ ತಿಳಿದುಬಂದಿತು.

ಹಬ್ಬಕ್ಕೆ ನನ್ನ ತಂಗಿಯೂ ಅವಳ ಮಗನೂ ಮೈಸೂರಿನಿಂದ ಬಂದಿದ್ದರು. ತಂಗಿಯ ಯಜಮಾನರು ತೀರಿಕೊಂಡು ಆರು ವರ್ಷಗಳಾದುವು. ಹುಡುಗನಿಗೆ ಇಪ್ಪತ್ತೇಳು ವರ್ಷ. ಇಂಜಿನಿಯರಿಂಗ್ ಓದಿ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿರುವನು. ಯಾವ ಚಟವೂ ಇಲ್ಲ, ಮೋಟಾರು ಸೈಕಲ್ಲಿನ ಹುಚ್ಚೊಂದನ್ನು ಬಿಟ್ಟರೆ. ಅದು ತಂದೆಯಿಂದ ಬಂದುದು. ನಮ್ಮ ಭಾವನವರು ಯೆಜ್ದಿ ಬಂಡಿಯನ್ನು ಮಗುವಿನಂತೆ ಒರೆಸಿ ಇಡುತ್ತಿದ್ದರು.

ಬಲಿಪಾಡ್ಯಮಿಯ ಸಂಜೆ ಹುಡುಗನು ತನ್ನ ಫೋನನ್ನು ನನ್ನ ಮುಂದೆ ಹಿಡಿದನು.

"ಮಾವ, ಇದನ್ನು ಸ್ವಲ್ಪ ನೋಡಿ. ಜರ್ಮನಿಯ ಅಂಗಡಿ. 890 ಸಿ.ಸಿ. ಬಂಡಿ. ಒಬ್ಬರೂ ಹತ್ತಿಲ್ಲ. ಹೋದ ವರ್ಷದ್ದು ಎಂಬ ಒಂದೇ ಕಾರಣಕ್ಕೆ ಹತ್ತೂವರೆ ಲಕ್ಷದ್ದನ್ನು ಏಳು ಲಕ್ಷಕ್ಕೆ ಇಳಿಸಿದ್ದಾರೆ. ಹಡಗಿನ ಖರ್ಚು, ವಿಮೆ ಸೇರಿ ಎಂಟಾಗಬಹುದು. ನನ್ನ ಹತ್ತಿರ ಐದು ಲಕ್ಷವಿದೆ. ನೀವು ನಾಲ್ಕು ಲಕ್ಷ ಕೈಗಡವಾಗಿ ಕೊಟ್ಟರೆ ಎರಡು ವರ್ಷದಲ್ಲಿ ತೀರಿಸಿಬಿಡುವೆ."

ನಾನು ಅದೇ ಮೇ ತಿಂಗಳಲ್ಲಿ ನಿವೃತ್ತನಾಗಿದ್ದೆನು. ಕೈಗೆ ಬಂದ ಹಣದಲ್ಲಿ ಸೋರುವ ಮಾಡನ್ನು ತೆಗೆಸಿ ತಾರಸಿ ಹಾಕಿಸಬೇಕೆಂದು ನಾನೂ ನನ್ನ ಮನೆಯವರೂ ಮಾತಾಡಿಕೊಂಡಿದ್ದೆವು. ತಂಗಿಯು ಮಗನ ಮುಖವನ್ನೊಮ್ಮೆ ನನ್ನ ಮುಖವನ್ನೊಮ್ಮೆ ನೋಡಿ, ಏನೂ ಹೇಳದೆ ಅಡಿಗೆಮನೆಗೆ ಹೋದಳು. "ನಾಳೆ ನೋಡೋಣ ಕಣಯ್ಯ" ಎಂದೆನು.

ರಾತ್ರಿ ನಿದ್ರೆ ಬರಲಿಲ್ಲ. 'ಕೊಡುವುದಿಲ್ಲ' ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಾಗಿತ್ತು. ಆದರೆ ಏಕೆ ಎಂದು ಅವನು ಕೇಳಿದರೆ ನನ್ನಲ್ಲಿ ಉತ್ತರವಿರಲಿಲ್ಲ. ಮೇಲಾಗಿ, ಇಂಥ ಆಸೆಗೆ ನಾನೂ ಒಮ್ಮೆ ಬಿದ್ದವನೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಪುಸ್ತಕ ವ್ಯಾಪಾರಿಯು ಹಿಂದಿನ ವರ್ಷ ಉಳಿದ ನಲವತ್ತು ಸಂಸ್ಕೃತ ಪಠ್ಯಪುಸ್ತಕಗಳನ್ನು ಅರ್ಧ ಬೆಲೆಗೆ ಕೊಟ್ಟನು. ಕಟ್ಟು ಬಿಚ್ಚದ, ಮಸಿಯ ವಾಸನೆ ಆರದ ಪುಸ್ತಕಗಳು! ಬಡ ಹುಡುಗರಿಗೆ ಹಂಚೋಣವೆಂದು ಒಂದು ತಿಂಗಳ ಸಂಬಳದ ಬಹುಪಾಲನ್ನು ಕೊಟ್ಟು ತಂದೆನು. ಜೂನಿನಲ್ಲಿ ಶಾಲೆ ತೆರೆದಾಗ ಪಠ್ಯವೇ ಬದಲಾಗಿತ್ತು. ಪುಸ್ತಕಗಳು ಹೊಸವಾಗಿಯೇ ಇದ್ದುವು. ಪರೀಕ್ಷೆಗೆ ಮಾತ್ರ ಹಳೆಯವಾಗಿದ್ದುವು. ಆ ಕಟ್ಟು ನಮ್ಮ ಅಟ್ಟದಲ್ಲಿ ಬಹುಕಾಲ ಇದ್ದಿತು.

ಬೆಳಿಗ್ಗೆ ಹುಡುಗನನ್ನು ಕರೆದು, "ಹಣದ ಮಾತು ಆಮೇಲೆ. ಮೊದಲು ನೀನೂ ನಾನೂ ಕುಳಿತು ಓದೋಣ. ಆ ಬಂಡಿ ಏಕೆ ಉಳಿಯಿತು, ಇಲ್ಲಿಗೆ ಹೇಗೆ ಬರುವುದು, ಇವೆರಡನ್ನೂ ನನಗೆ ಪಾಠ ಹೇಳು" ಎಂದೆನು. ಅವನಿಗೂ ಉತ್ಸಾಹವಾಯಿತು. ಮೂರು ದಿನ ನಾನೇ ಶಿಷ್ಯನಾದೆನು.

ಮೊದಲನೆಯ ಪ್ರಶ್ನೆ: ಒಬ್ಬರೂ ಏರದ ಬಂಡಿ ಅಂಗಡಿಯಲ್ಲಿ ಉಳಿಯುವುದೇಕೆ? ಋತುವೇ ಒಂದು ಕಾರಣ. ಯೂರೋಪು ಅಮೆರಿಕಗಳ ಚಳಿಯ ಸೀಮೆಗಳಲ್ಲಿ ಹಿಮ ಬಿದ್ದ ಮೇಲೆ ಎರಡು ಚಕ್ರದ ವಾಹನವನ್ನು ಕೇಳುವವರಿಲ್ಲ. ವಸಂತ ಬರುವ ವೇಳೆಗೆ ಮುಂದಿನ ವರ್ಷದ ರೂಪಗಳು ಬಂದಿರುತ್ತವೆ. ವರ್ತಕನು ಸಾಲ ಮಾಡಿ ತಂದಿರಿಸಿದ ಸರಕಿಗೆ ಬಡ್ಡಿ ಮಾತ್ರ ಬೆಳೆಯುತ್ತಿರುವುದು. ಆದುದರಿಂದ ಬೆಲೆ ಇಳಿಸಿಯಾದರೂ ಸಾಗಹಾಕುವನು.

ಎರಡನೆಯ ಕಾರಣವು ತಯಾರಕರ ಪೈಪೋಟಿ. ಜಪಾನಿನಲ್ಲಿ 1981ರ ಸುಮಾರಿಗೆ ಯಾಮಾಹಾದವರು ಹೋಂಡಾದವರನ್ನು ಮೀರಿಸಿ ಮೊದಲಿಗರಾಗುವೆವೆಂದು ಸಾರಿದರು. ಹೋಂಡಾದವರು ಒಂದೂವರೆ ವರ್ಷದಲ್ಲಿ ನೂರಕ್ಕೂ ಮಿಕ್ಕ ರೂಪಗಳನ್ನು ಹೊರತಂದು ಉತ್ತರ ಕೊಟ್ಟರು. ಇಬ್ಬರ ಜಗಳದಲ್ಲಿ ಗೋದಾಮುಗಳು ತುಂಬಿದುವು. 1983ರಲ್ಲಿ ಯಾಮಾಹಾದವರು ಸೋಲನ್ನು ಒಪ್ಪಿಕೊಳ್ಳಬೇಕಾಯಿತು. ಆ ಪ್ರವಾಹವು ಅಮೆರಿಕಕ್ಕೂ ಹರಿಯಿತು. ಮಾರಾಟವಾಗದ ಜಪಾನೀ ಬಂಡಿಗಳ ರಾಶಿಯಿಂದ ತಾನು ಮುಳುಗುವೆನೆಂದು ಹಾರ್ಲೆ-ಡೇವಿಡ್‌ಸನ್ ಸಂಸ್ಥೆಯು ಮೊರೆಯಿಡಲು, ಅಧ್ಯಕ್ಷ ರೇಗನ್ನರು 1983ರ ಏಪ್ರಿಲಿನಲ್ಲಿ 700 ಸಿ.ಸಿ.ಗೆ ಮೀರಿದ ಬಂಡಿಗಳ ಸುಂಕವನ್ನು ಶೇಕಡಾ 4.4ರಿಂದ 49.4ಕ್ಕೆ ಏರಿಸಿದರು. ಇದು ಐದು ವರ್ಷದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಏರ್ಪಾಡು. ಜಪಾನಿನವರು ಸುಮ್ಮನಿದ್ದರೆ? 750ರ ಯಂತ್ರವನ್ನು 699ಕ್ಕೆ ಕುಗ್ಗಿಸಿ ಕಳುಹಿಸಿದರು! ಕಟ್ಟಳೆಯು ಗೆರೆ ಎಳೆದಲ್ಲಿ ವರ್ತಕನು ಗೆರೆಯ ಈಚೆಗೆ ಕಾಲಿಡುವನು.

ಇಂಥದೇ ಸಂಗತಿ ಇತ್ತೀಚೆಗೆ ಆಸ್ಟ್ರಿಯದಲ್ಲಿಯೂ ನಡೆಯಿತು. ಮಾಟಿಗ್‌ಹೋಫೆನ್ ಎಂಬ ಚಿಕ್ಕ ಊರಿನ ಕೆಟಿಎಂ ಸಂಸ್ಥೆಯು ಮಾರಾಟಕ್ಕೆ ಮೀರಿ ತಯಾರಿಸಿ, ಲಕ್ಷಕ್ಕೂ ಮಿಕ್ಕ ಬಂಡಿಗಳು ಉಳಿದುಹೋಗಿ, 2024ರ ನವೆಂಬರಿನ ಕೊನೆಯಲ್ಲಿ ದಿವಾಳಿಯ ನ್ಯಾಯವಿಧಿಗೆ ಶರಣು ಹೋಯಿತು. ಸಾಲ ಕೊಟ್ಟವರು ನೂರಕ್ಕೆ ಮೂವತ್ತನ್ನು ಪಡೆದು ಸಮಾಧಾನಪಡಬೇಕಾಯಿತು. ಕೈಹಿಡಿದವರು ನಮ್ಮ ಪುಣೆಯ ಬಜಾಜ್‌ನವರು. 2025ರ ನವೆಂಬರಿನಲ್ಲಿ ಸಂಸ್ಥೆಯ ಹತೋಟಿಯೂ ಅವರ ಕೈಸೇರಿತು.

ಮೂರನೆಯ ಕಾರಣವು ಕಾಯಿದೆಯ ತಾರೀಖು. ಯೂರೋಪಿನಲ್ಲಿ 2025ರ ಜನವರಿ 1ರಿಂದ ಹೊಗೆಯ ಬಗ್ಗೆ 'ಯೂರೋ 5+' ಎಂಬ ಬಿಗಿಯಾದ ಕಟ್ಟಳೆಯು ಎಲ್ಲ ಹೊಸ ಮೋಟಾರು ಸೈಕಲ್ಲುಗಳಿಗೂ ಬಂದಿತು. ಅದಕ್ಕೆ ಹೊಂದದ ಬಂಡಿಗಳನ್ನು ವರ್ತಕರು ಡಿಸೆಂಬರಿನಲ್ಲಿಯೇ ತಮ್ಮ ಹೆಸರಿನಲ್ಲಿ ನೋಂದಾಯಿಸಿ ಇಟ್ಟುಕೊಂಡರು. ನೋಂದಣಿಯಾದುದು ಹೊಸದಲ್ಲವಾದುದರಿಂದ ಆಮೇಲೆ ಮಾರಬಹುದಷ್ಟೆ. ನಮ್ಮ ದೇಶವೂ ಇಂಥ ತಾರೀಖನ್ನು ಕಂಡಿದೆ. 2017ರ ಮಾರ್ಚಿ 29ರಂದು ಸುಪ್ರೀಂ ಕೋರ್ಟು, ಭಾರತ್ 3ರ ಮಟ್ಟದ ವಾಹನಗಳನ್ನು ಏಪ್ರಿಲ್ 1ರಿಂದ ಮಾರಕೂಡದೆಂದು ಆಜ್ಞೆ ಮಾಡಿತು. ಆಗ ಉಳಿದಿದ್ದ ಎಂಟು ಲಕ್ಷಕ್ಕೂ ಮಿಕ್ಕ ವಾಹನಗಳಲ್ಲಿ ಆರು ಲಕ್ಷಕ್ಕೂ ಹೆಚ್ಚು ದ್ವಿಚಕ್ರಗಳು. ಎರಡು ದಿನ ಅಂಗಡಿಗಳ ಮುಂದೆ ಜಾತ್ರೆಯೇ ನೆರೆಯಿತು. ನನ್ನ ಪಠ್ಯಪುಸ್ತಕಗಳ ಕಟ್ಟು ನೆನಪಾಯಿತು: ವಸ್ತು ಬದಲಾಗದೆ ಇರುವಾಗಲೇ ಒಂದು ರಾತ್ರಿಯಲ್ಲಿ ಅದು ಹಳೆಯದಾಗಬಹುದು.

ಯಾಸ್ಕಮುನಿಯು 'ಪುರಾಣ' ಶಬ್ದಕ್ಕೆ 'ಹಿಂದೊಮ್ಮೆ ಹೊಸದಾಗಿದ್ದುದು' ಎಂಬ ನಿರ್ವಚನವನ್ನು ಕೊಟ್ಟಿರುವನು. ಹುಡುಗನಿಗೆ ಇದನ್ನು ಹೇಳಿದೆನು. "ಹಾಗಾದರೆ ನನ್ನ ಬಂಡಿ ಪುರಾಣವೇ, ಮಾವ?" ಎಂದು ನಕ್ಕನು. "ಅದನ್ನು ನಮ್ಮ ಸರ್ಕಾರದವರನ್ನೇ ಕೇಳೋಣ" ಎಂದೆನು. ಎರಡನೆಯ ಪ್ರಶ್ನೆಗೆ ಹೀಗೆ ಬಂದೆವು.

ನಮ್ಮ ಆಮದಿನ ನೀತಿಯಲ್ಲಿ ಹೊಸ ವಾಹನಕ್ಕೆ ಸ್ಪಷ್ಟವಾದ ಲಕ್ಷಣವಿದೆ. ಅದು ಭಾರತದಲ್ಲಿ ತಯಾರಾಗಿರಕೂಡದು. ಇಲ್ಲಿಗೆ ಬರುವ ಮೊದಲು ಮಾರಾಟವಾಗಲಿ, ಬಾಡಿಗೆಗಾಗಲಿ, ಎರವಲಿಗಾಗಲಿ ಹೋಗಿರಕೂಡದು. ಯಾವ ದೇಶದಲ್ಲಿಯೂ ನೋಂದಣಿಯಾಗಿರಕೂಡದು. ವೇಗದ ಮಾಪಕವು ಕಿಲೋಮೀಟರಿನಲ್ಲಿರಬೇಕು. ಮುಂದಿನ ದೀಪದ ಬೆಳಕು ಎಡಗಡೆ ಸಂಚರಿಸುವ ದೇಶಕ್ಕೆ ತಕ್ಕುದಾಗಿರಬೇಕು. ಬಲಗಡೆ ಸಂಚರಿಸುವ ಜರ್ಮನಿಯ ದೀಪವು ತನ್ನ ಅಂಚಿನ ಕಡೆಗೆ, ಎಂದರೆ ಬಲಕ್ಕೆ, ಹೆಚ್ಚು ಬೆಳಕು ಚೆಲ್ಲುವುದಾದ್ದರಿಂದ ನಮ್ಮ ರಸ್ತೆಯಲ್ಲಿ ಎದುರಿಗೆ ಬರುವವನ ಕಣ್ಣನ್ನು ಕೋರೈಸುವುದು. ಇವಲ್ಲದೆ 1988ರ ಮೋಟಾರು ವಾಹನ ಕಾಯಿದೆಗೂ ಅದರ ನಿಯಮಗಳಿಗೂ ಹೊಂದಬೇಕು. ಗಮನಿಸಿ: ವರ್ಷದ ಮಾತು ಇಲ್ಲಿ ಇಲ್ಲ. ಹೋದ ವರ್ಷದ್ದಾದರೂ ಮಾರಾಟವಾಗದೆ, ನೋಂದಣಿಯಾಗದೆ ಇದ್ದರೆ ಕಾಯಿದೆಯ ಕಣ್ಣಿಗೆ ಅದು ಹೊಸದೇ.

ದೊಡ್ಡ ಬಂಡಿಗಳಿಗೆ ಈ ಬಾಗಿಲು ತೆರೆದ ಕಥೆಯೂ ಸೊಗಸಾಗಿದೆ. 2007ರಲ್ಲಿ ಅಮೆರಿಕದವರು ನಮ್ಮ ಮಾವಿನ ಹಣ್ಣನ್ನು ಒಳಗೆ ಬಿಡಲು ಒಪ್ಪಿದರು. ನಾವು ಹಾರ್ಲೆ ಮುಂತಾದ, 800 ಸಿ.ಸಿ. ಮತ್ತು ಅದಕ್ಕೆ ಮೇಲ್ಪಟ್ಟ ಬಂಡಿಗಳ ಆಮದಿಗೆ ದಾರಿ ಸುಗಮ ಮಾಡಿದೆವು. ಮಾವಿಗೆ ಮೋಟಾರು ಸೈಕಲ್ಲು!

ಹುಡುಗನು ಹಿಗ್ಗಿದನು. ಆದರೆ ಜರ್ಮನಿಯ ಅಂಗಡಿಯ ವಿವರವನ್ನು ಮತ್ತೊಮ್ಮೆ ಓದಿಸಿದಾಗ ಅದರ ಕೆಳಗಡೆ ಸಣ್ಣ ಅಕ್ಷರದಲ್ಲಿ ಒಂದು ಪದ ಕಂಡಿತು. 'ಒಂದು ದಿನದ ನೋಂದಣಿ' ಎಂದು ಅದರ ಅರ್ಥವಂತೆ. ತಾರೀಖು 2024ರ ಡಿಸೆಂಬರು. ಡಿಸೆಂಬರಿನ ಆ ಗಡಿಬಿಡಿಯಲ್ಲಿ ನೋಂದಣಿಯಾದ ಬಂಡಿಗಳಲ್ಲಿ ಇದೂ ಒಂದು! ಒಬ್ಬರೂ ಹತ್ತಿಲ್ಲವೆಂಬುದು ನಿಜ. ಆದರೆ ನಮ್ಮ ದೇಶದ ಕಣ್ಣಿಗೆ ಅದು ಬಳಸಿದ ವಾಹನ. ಬಳಸಿದ ವಾಹನಕ್ಕೆ ತಯಾರಾಗಿ ಮೂರು ವರ್ಷ ಮೀರಿರಬಾರದೆಂಬುದೇ ಮೊದಲಾದ ಬೇರೆ ನಿಬಂಧನೆಗಳುಂಟು.

ಮ್ಯೂನಿಕ್ಕಿನಲ್ಲಿರುವ ಇವನ ಸಹಪಾಠಿಯೊಬ್ಬನನ್ನು ವಿಚಾರಿಸಿದಾಗ ಇನ್ನೊಂದು ವಿಚಿತ್ರ ತಿಳಿಯಿತು. ಯೂರೋಪಿನ ಒಕ್ಕೂಟದೊಳಗೆ ಒಂದು ದೇಶದಿಂದ ಇನ್ನೊಂದಕ್ಕೆ ಬಂಡಿಯನ್ನು ಕೊಂಡೊಯ್ದರೆ ಸುಂಕದ ಕಟ್ಟೆಯೇ ಇಲ್ಲ. ಆದರೆ ಬಳಕೆಗೆ ಬಂದು ಆರು ತಿಂಗಳೊಳಗಿದ್ದರೆ, ಇಲ್ಲವೆ 6,000 ಕಿಲೋಮೀಟರಿಗೆ ಮೀರದೆ ಓಡಿದ್ದರೆ, ನೋಂದಣಿಯಾಗಿದ್ದರೂ ಅವರ ಮೌಲ್ಯವರ್ಧಿತ ತೆರಿಗೆಯ ಲೆಕ್ಕಕ್ಕೆ ಅದು ಹೊಸ ವಾಹನ. ಕೊಂಡವನು ತನ್ನ ದೇಶದಲ್ಲಿ ತೆರಿಗೆ ಕೊಡಬೇಕು. ಆ ಗೆಳೆಯನು ಇಟಲಿಯಿಂದ ಅಂಥದೊಂದನ್ನು ತರಿಸಿ ಲಾಭವನ್ನೇ ಪಡೆದಿದ್ದನು. ಒಂದೇ ಬಂಡಿ, ಅಲ್ಲಿ ಓಡಿದರೂ ಹೊಸದು, ಇಲ್ಲಿ ಓಡದಿದ್ದರೂ ಹಳೆಯದು!

ಹುಡುಗನು ಸೋಲಲಿಲ್ಲ, ನೋಂದಣಿಯಾಗದ ಇನ್ನೊಂದನ್ನು ಅದೇ ಬೆಲೆಗೆ ಹುಡುಕಿದನು. "ಸರಿ, ಲೆಕ್ಕ ಮಾಡು" ಎಂದೆನು. ಮಗ್ಗಿ ಹೇಳಿದ ಹಾಗೆ ಇಬ್ಬರೂ ಕೂಡಿದೆವು.

ಬೆಲೆ, ಸಾಗಣೆ, ವಿಮೆ ಮೂರೂ ಸೇರಿದ ಮೊತ್ತದ ಮೇಲೆ ಸುಂಕ. 1,600 ಸಿ.ಸಿ.ವರೆಗಿನ ಪೂರ್ಣ ತಯಾರಾದ ಬಂಡಿಗೆ ಇದು ಮೊದಲು ಶೇಕಡಾ 50 ಇದ್ದು, 2025ರ ಫೆಬ್ರವರಿಯ ಆಯವ್ಯಯದಲ್ಲಿ 40ಕ್ಕೆ ಇಳಿದಿತ್ತು. 8 ಲಕ್ಷಕ್ಕೆ 3 ಲಕ್ಷ 20 ಸಾವಿರ. ಒಟ್ಟು 11 ಲಕ್ಷ 20 ಸಾವಿರ. ಇದರ ಮೇಲೆ, ಎಂದರೆ ಸುಂಕವೂ ಸೇರಿದ ಮೊತ್ತದ ಮೇಲೆ, ಸರಕು ಸೇವಾ ತೆರಿಗೆ. 350 ಸಿ.ಸಿ.ಗೆ ಮೀರಿದುದಕ್ಕೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40. ಅದು 4 ಲಕ್ಷ 48 ಸಾವಿರ; ಒಟ್ಟು 15 ಲಕ್ಷ 68 ಸಾವಿರ. ಆಮೇಲೆ ನಮ್ಮ ರಾಜ್ಯದಲ್ಲಿ ಒಂದು ಲಕ್ಷಕ್ಕೆ ಮೀರಿದ ದ್ವಿಚಕ್ರಕ್ಕೆ ಜೀವಾವಧಿ ತೆರಿಗೆ ಶೇಕಡಾ 18. ಸುಮಾರು 2 ಲಕ್ಷ 82 ಸಾವಿರ. ಎಲ್ಲ ಸೇರಿ ಹದಿನೆಂಟೂವರೆ ಲಕ್ಷ. ಬಂದರಿನ ಖರ್ಚು, ಮಧ್ಯಸ್ಥನ ಕೂಲಿ, ಕಾಗದಪತ್ರದ ಓಡಾಟ, ಇಲ್ಲಿಯ ವಿಮೆ ಇವು ಬೇರೆ. ದರಗಳು ಮುಂದೆ ಏರಬಹುದು, ಇಳಿಯಬಹುದು; ಲೆಕ್ಕದ ಕ್ರಮ ಇದೇ: ಒಂದರ ಮೇಲೊಂದು, ತೆರಿಗೆಯ ಮೇಲೂ ತೆರಿಗೆ.

ಹುಡುಗನು ಬುದ್ಧಿವಂತ. "ಮಾವ, ಪೂರ್ತಿ ಬೆಲೆ ಕೊಟ್ಟು ಈ ವರ್ಷದ್ದನ್ನೇ ತರಿಸಿದ್ದರೆ ಇದೇ ಲೆಕ್ಕದಲ್ಲಿ ಇಪ್ಪತ್ತಾರೂವರೆ ಲಕ್ಷಕ್ಕೂ ಮೇಲಾಗುತ್ತಿತ್ತು. ಹಾಗಾದರೆ ಎಂಟು ಲಕ್ಷ ಉಳಿಯಿತಲ್ಲವೆ?" ಎಂದನು.

"ಉಳಿಯುವುದು ನಿಜ, ಇಪ್ಪತ್ತಾರೂವರೆ ಲಕ್ಷ ಇದ್ದವನಿಗೆ. ನಿನ್ನ ಹತ್ತಿರ ಇರುವುದು ಐದು" ಎಂದೆನು. ಇದಲ್ಲದೆ ಇನ್ನೊಂದು ತೊಡಕೂ ಉಂಟು. ಸುಂಕವು ವಾಸ್ತವವಾಗಿ ಕೊಟ್ಟ ಬೆಲೆಯ ಮೇಲೆ ಎಂಬುದು 1962ರ ಕಾಯಿದೆಯ ತತ್ತ್ವ. ಆದರೆ ಬೆಲೆ ಕಡಿಮೆಯಾಗಿ ಕಂಡು ಅಧಿಕಾರಿಗೆ ಸಕಾರಣವಾದ ಸಂಶಯ ಬಂದರೆ, ಹೇಳಿದ ಬೆಲೆಯನ್ನು ಒಪ್ಪದಿರಲು 2007ರ ನಿಯಮಗಳಲ್ಲಿ ಅವಕಾಶವಿದೆ. ಅದು ಇತ್ಯರ್ಥವಾಗುವವರೆಗೆ ಪೆಟ್ಟಿಗೆ ಬಂದರಿನಲ್ಲಿ ಕುಳಿತು ಬಾಡಿಗೆ ತಿನ್ನುತ್ತಿರುವುದು.

ಆಗ ಅವನು ಸ್ವಲ್ಪ ಮೌನವಾಗಿದ್ದು, "ಹೋಗಲಿ, ಚಿಕ್ಕದನ್ನಾದರೂ ತರಿಸಿದರೆ?" ಎಂದು ಕೆಟಿಎಂನ 390ನ್ನು ತೋರಿಸಿದನು. ಅದೂ ಹೋದ ವರ್ಷದ್ದು, ಅದೂ ಇಳಿದ ಬೆಲೆ. ಅದು ತಯಾರಾದುದೆಲ್ಲಿ ಎಂದು ಹುಡುಕಿದರೆ, ಪುಣೆಯ ಬಳಿಯ ಚಾಕಣದ ಬಜಾಜ್ ಕಾರ್ಖಾನೆಯಲ್ಲಿ! ಭಾರತದಲ್ಲಿ ಆದುದನ್ನು ಹೊಸ ವಾಹನವೆಂದು ಭಾರತಕ್ಕೆ ತರಿಸಲು ಕಟ್ಟಳೆಯೇ ಬಿಡದು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಯಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ತಂಗಿಯೂ ನಕ್ಕುಬಿಟ್ಟಳು. ಮೂರು ದಿನಗಳಲ್ಲಿ ಅವಳ ನಗುವನ್ನು ಕೇಳಿದುದು ಅದೇ ಮೊದಲು.

ಇಷ್ಟು ಎತ್ತರದ ಗೋಡೆಯನ್ನು ಸರ್ಕಾರದವರು ಏಕೆ ಕಟ್ಟುವರೆಂದು ಕೆಲವರು ಸಿಡಿಮಿಡಿಗೊಳ್ಳುವುದುಂಟು. ಮೈಸೂರಿನವರು ಅದಕ್ಕೆ ಉತ್ತರವನ್ನು ತಮ್ಮ ಊರಿನಲ್ಲಿಯೇ ಕಾಣಬಹುದು. ಮುಂಬಯಿಯ ಇರಾನಿಯವರು ಮೊದಲು ಜೆಕೊಸ್ಲೊವಾಕಿಯದಿಂದ ಜಾವಾ ಬಂಡಿಗಳನ್ನು ತರಿಸಿ ಮಾರುತ್ತಿದ್ದರು. ಆಮದಿಗೆ ತಡೆ ಬಂದ ಮೇಲೆ ಅವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಸ್ಥಾಪಿಸಿ, 1961ರಿಂದ ಇಲ್ಲಿಯೇ ಬಂಡಿಗಳನ್ನು ತಯಾರಿಸತೊಡಗಿದರು. 1996ರಲ್ಲಿ ಅದು ಮುಚ್ಚುವವರೆಗೆ ಎಷ್ಟೋ ಮನೆಗಳ ಒಲೆ ಅದರಿಂದ ಉರಿಯಿತು. ಭಾವನವರ ಯೆಜ್ದಿಯೂ ಅಲ್ಲಿಯದೇ. ಗೋಡೆಯು ಕೊಳ್ಳುವವನಿಗೆ ತಡೆ, ದುಡಿಯುವವನಿಗೆ ನೆರಳು. ಎಷ್ಟು ಎತ್ತರವಿರಬೇಕೆಂಬುದು ಮಾತ್ರ ಮುಗಿಯದ ಚರ್ಚೆ.

ಇನ್ನು ಬಂಡಿಯ ದೇಹದ ಮಾತು. ಕಾಯಿದೆಯು ಹೊಸದೆಂದರೂ ರಬ್ಬರಿಗೆ ವಯಸ್ಸಾಗದೆ ಇರದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 3523 ಎಂದಿದ್ದರೆ 2023ನೆಯ ವರ್ಷದ 35ನೆಯ ವಾರದಲ್ಲಿ ಅದು ಹುಟ್ಟಿತೆಂದು ಅರ್ಥ. ನಿಂತಲ್ಲೇ ನಿಂತ ಬಂಡಿಯ ಬ್ಯಾಟರಿ ಸೊರಗುವುದು, ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಅಂಟಾಗುವುದು, ಬ್ರೇಕಿನ ಎಣ್ಣೆ ನೀರಿನಂಶ ಹೀರುವುದು. ಅಮೆರಿಕದ ಬಂಡಿಗಳ ಹದಿನೇಳು ಅಕ್ಷರಾಂಕಗಳ ಗುರುತಿನಲ್ಲಿ ಹತ್ತನೆಯದು ರೂಪದ ವರ್ಷವನ್ನು ಹೇಳುವುದು. 2023ಕ್ಕೆ ಪಿ, 2024ಕ್ಕೆ ಆರ್, 2025ಕ್ಕೆ ಎಸ್. ತಯಾರಕರು ಕೊಡುವ ಭರವಸೆಯ ಪತ್ರವೂ ಸಾಮಾನ್ಯವಾಗಿ ಮಾರಿದ ದೇಶದ ಎಲ್ಲೆಯನ್ನು ದಾಟಲಾರದು. ಸಮುದ್ರದಾಚೆಯಿಂದ ಬಂದುದಕ್ಕೆ ಒಂದು ತಿರುಪು ಬೇಕಾದರೂ ಯಾರ ಬಾಗಿಲು ಬಡಿಯಬೇಕು?

ಮೂರನೆಯ ದಿನದ ಸಂಜೆ ಹುಡುಗನೇ ಲೆಕ್ಕದ ಹಾಳೆಯನ್ನು ಮಡಿಸಿಟ್ಟನು. "ಬೇಡ, ಮಾವ" ಎಂದನು. ನಾನು ಒಂದು ಸಲವೂ 'ಇಲ್ಲ' ಎಂದಿರಲಿಲ್ಲ. ಅಂದಿದ್ದರೆ ಅವನು ಹಟದಿಂದ ಬೇರೆಲ್ಲಿಯಾದರೂ ಸಾಲ ಮಾಡುತ್ತಿದ್ದನೇನೋ.

ಸಂಕ್ರಾಂತಿಯಾದ ಮೇಲೆ ಅವನು ಮೈಸೂರಿನ ಒಂದು ಅಂಗಡಿಯಲ್ಲಿ ಬಂಡಿಯನ್ನು ಕೊಂಡನು. ತಂದೆಯ ಬಂಡಿಯ ಹೆಸರನ್ನೇ ಹೊತ್ತ ಇಂದಿನ 334 ಸಿ.ಸಿ. ಯೆಜ್ದಿ, 350ರ ಒಳಗಾದುದರಿಂದ ತೆರಿಗೆ ಶೇಕಡಾ 18 ಮಾತ್ರ. ಹೊಸ ರೂಪ ಬಂದಿದ್ದುದರಿಂದ ಹಿಂದಿನ ರೂಪದ್ದು ಒಂದು ಉಳಿದಿತ್ತು. 2025ರ ಜನವರಿಯಲ್ಲಿ ತಯಾರಾದುದು. ಹುಡುಗನು ಟೈರಿನ ಅಂಕಿ ನೋಡಿದನು, ಬ್ಯಾಟರಿಯನ್ನು ಬದಲಾಯಿಸಿ ಕೊಡುವಂತೆ ಕೇಳಿ ಪಡೆದನು, ಭರವಸೆಯ ಅವಧಿ ಕೊಂಡ ದಿನದಿಂದಲೇ ಎಂದು ಬರೆಯಿಸಿಕೊಂಡನು. ನೋಂದಣಿ ಪತ್ರದಲ್ಲಿ ತಯಾರಾದ ತಿಂಗಳೂ ವರ್ಷವೂ ಬರುವುದರಿಂದ ಮುಂದೆ ಮಾರುವಾಗ ಒಂದು ವರ್ಷದ ಬೆಲೆ ಕಡಿಮೆಯಾಗುವುದೆಂಬುದನ್ನು ಅವನೇ ಎತ್ತಿ ಹೇಳಿ, ಹದಿನೆಂಟು ಸಾವಿರ ಇಳಿಸಿದನು. ನನ್ನ ಹಣ ಬೇಕಾಗಲಿಲ್ಲ. ಅವನದರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಉಳಿಯಿತು. ನಮ್ಮ ಮಾಡಿಗೆ ತಾರಸಿಯ ಕೆಲಸ ನಡೆಯುತ್ತಿದೆ.

ಗೃಹಸ್ಥರಿಗೆ ನಾನು ಹೇಳುವುದಿಷ್ಟೆ. ಉಳಿದ ಸರಕನ್ನು ಕೊಳ್ಳುವುದು ತಪ್ಪಲ್ಲ, ಜಾಣತನವೂ ಆಗಬಹುದು. ಆದರೆ ಅಗ್ಗವೆಂಬುದು ವಸ್ತುವಿನ ಗುಣವಲ್ಲ, ಅದು ನಿಂತ ಸ್ಥಳದ ಗುಣ. ವಸ್ತುವನ್ನು ಹಡಗಿಗೆ ಏರಿಸಬಹುದು. ಅಗ್ಗವು ಆ ದಡದಲ್ಲಿಯೇ ಉಳಿಯುವುದು. ಆದುದರಿಂದ ಏಕೆ ಉಳಿಯಿತೆಂದು ಮೊದಲು ಕೇಳಿ. ನಮ್ಮ ಕಾಯಿದೆ ಅದನ್ನು ಏನೆಂದು ಕರೆಯುವುದೆಂದು ಆಮೇಲೆ ಕೇಳಿ. ಮನೆಯ ಬಾಗಿಲಿಗೆ ಬಂದು ನಿಲ್ಲುವಾಗ ಎಷ್ಟಾಗುವುದೆಂದು ಕೊನೆಗೆ ಕೇಳಿ. ಮನೆಯ ಹುಡುಗರು ಕೇಳಿದರೆ, ಇಲ್ಲವೆನ್ನುವ ಮೊದಲು ಅವರೊಡನೆ ಕುಳಿತು ಓದಿ.

ಬಂಡಿ ಮನೆಗೆ ಬಂದ ದಿನ ತಂಗಿಯು ಅರಿಸಿನ ಕುಂಕುಮವಿಟ್ಟು, ಚಕ್ರದ ಕೆಳಗೆ ನಿಂಬೆಹಣ್ಣಿರಿಸಿದಳು. ಪಕ್ಕದ ಮನೆಯವರು ಬಂದು, "ಏನಪ್ಪಾ, ಹೊಸದೇ?" ಎಂದು ಕೇಳಿದರು. ಹುಡುಗನು ನನ್ನ ಕಡೆ ನೋಡಿ ನಕ್ಕು, "ಹೋದ ವರ್ಷದ್ದು. ಆದರೂ ಹೊಸದೇ, ಮಾಮಿ" ಎಂದನು.